ಯಾವ ತೊಂದರೆಯೂ ಇಲ್ಲದ ತಮ್ಮನಿಗೆ ಎಲ್‌ಡಿಎಲ್ 246: ಕಣ್ಣುರೆಪ್ಪೆಯ ಹಳದಿ ಕಲೆಗೂ ಇದಕ್ಕೂ ಸಂಬಂಧವಿದೆಯೇ?

ತೀರ್ಥಹಳ್ಳಿಯ ಅಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ರಕ್ತಪರೀಕ್ಷೆಯ ವರದಿಯ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ಅವನಿಗೆ 36 ವರ್ಷ. ಊರಿನಲ್ಲಿಯೇ ಇದ್ದು ಮನೆಯ ಅಡಿಕೆ ತೋಟವನ್ನು ನೋಡಿಕೊಳ್ಳುತ್ತಾನೆ. ಸಣಕಲು ಮೈ, ದಿನವೆಲ್ಲ ಓಡಾಟ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಬೀಡಿ, ಸಿಗರೇಟು, ಮದ್ಯ ಯಾವುದೂ ಇಲ್ಲ. ಜೀವವಿಮೆ ಮಾಡಿಸುವ ಸಲುವಾಗಿ ಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟ್ರಾಲ್ 318, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಎನ್ನುವುದು) 246, ಎಚ್‌ಡಿಎಲ್ (ಒಳ್ಳೆಯದು ಎನ್ನುವುದು) 42, ಟ್ರೈಗ್ಲಿಸರೈಡ್ 150 ಎಂದು ಬಂದಿದೆ. ಸಕ್ಕರೆ, ರಕ್ತದೊತ್ತಡ, ಇಸಿಜಿ ಮೂರೂ ಸರಿಯಾಗಿವೆ.

ಅವನ ಎರಡೂ ಕಣ್ಣುಗಳ ಮೇಲ್ರೆಪ್ಪೆಯಲ್ಲಿ, ಮೂಗಿನ ಕಡೆಯ ಮೂಲೆಯಲ್ಲಿ, ಕೆಲವು ವರ್ಷಗಳಿಂದ ಹಳದಿ ಬಣ್ಣದ ಚಪ್ಪಟೆ ಕಲೆಗಳಿವೆ. ನೋವಿಲ್ಲ, ತುರಿಕೆಯಿಲ್ಲ. ಹಿಮ್ಮಡಿಯ ಮೇಲಿನ ದಪ್ಪ ನರ ಎರಡೂ ಕಾಲುಗಳಲ್ಲಿ ಊದಿದಂತೆ ಕಾಣುತ್ತದೆ. ತೋಟಕ್ಕೆ ಹಾಕಿಕೊಳ್ಳುವ ಗಮ್‌ಬೂಟು ಅಲ್ಲಿ ಉಜ್ಜುತ್ತದೆಂದು ಬೂಟಿನ ಹಿಂಭಾಗವನ್ನು ಕತ್ತಿಯಿಂದ ಸೀಳಿಕೊಂಡಿದ್ದಾನೆ. ಇವೆರಡಕ್ಕೂ ಕೊಲೆಸ್ಟ್ರಾಲಿಗೂ ಸಂಬಂಧವಿದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ನಮ್ಮ ತಂದೆ 43ನೇ ವಯಸ್ಸಿನಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿಯೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮೊದಲು ಗ್ಯಾಸ್ಟ್ರಿಕ್ ಎಂದು ಹೇಳಿ ಮಾತ್ರೆ ಕೊಟ್ಟು ಕಳುಹಿಸಿದ್ದರು. ತಂದೆಯ ತಂಗಿಗೆ, ಎಂದರೆ ನಮ್ಮ ಸೋದರತ್ತೆಗೆ, 51ನೇ ವಯಸ್ಸಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿದೆ. ತಮ್ಮ ಮದುವೆಯಾಗಿರುವುದು ಆ ಅತ್ತೆಯ ಮಗಳನ್ನೇ. ಅವರಿಗೆ 8 ವರ್ಷದ ಮಗಳಿದ್ದಾಳೆ.

"ಏನೂ ತೊಂದರೆಯಿಲ್ಲದವನು ಜೀವನಪೂರ್ತಿ ಮಾತ್ರೆ ಏಕೆ ನುಂಗಬೇಕು? ಆರು ತಿಂಗಳು ತುಪ್ಪ, ಕರಿದ ತಿಂಡಿ ಬಿಟ್ಟು ನೋಡೋಣ" ಎಂದು ತಮ್ಮ ಹೇಳುತ್ತಿದ್ದಾನೆ. ಹೀಗೆ ಕಾಯಬಹುದೇ? ಕಾಯುವುದಾದರೆ ಯಾವ ಲಕ್ಷಣ ಕಂಡರೆ ಎಚ್ಚರಗೊಳ್ಳಬೇಕು? ದಯವಿಟ್ಟು ತಿಳಿಸಿ.

ದಾವಣಗೆರೆಯ ವೈದ್ಯ

ಸಹೋದರಿಯವರೇ, ರೋಗಿಯನ್ನು ಕಣ್ಣಾರೆ ನೋಡದೆ ರೋಗನಿರ್ಣಯ ಹೇಳುವುದು ಸರಿಯಲ್ಲ. ಆದರೂ ರೆಪ್ಪೆಯ ಕಲೆ, ಹಿಮ್ಮಡಿಯ ಊತ, 246ರ ಎಲ್‌ಡಿಎಲ್, ತಂದೆಯವರ ಅಕಾಲ ಮರಣ ಇವೆಲ್ಲವೂ ಒಂದೇ ಕಡೆಗೆ ಬೆರಳು ತೋರಿಸುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಲಕ್ಷಣದ ವಿಚಾರ. ರಕ್ತದಲ್ಲಿ ಕೊಲೆಸ್ಟ್ರಾಲ್ ಎಷ್ಟೇ ಹೆಚ್ಚಿದ್ದರೂ ಮೈಗೆ ಏನೂ ಅನ್ನಿಸುವುದಿಲ್ಲ. ತಲೆಸುತ್ತು, ಕೈಕಾಲು ಜೋಮು, ಸುಸ್ತು, ಬೆವರು ಇವನ್ನೆಲ್ಲ ಕೊಲೆಸ್ಟ್ರಾಲಿನ ಲಕ್ಷಣಗಳೆಂದು ಸಾರುವ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಸದಾ ಓಡಾಡುತ್ತಿರುತ್ತವೆ. ಅವುಗಳಿಂದಾಗುವ ದೊಡ್ಡ ಕೆಡುಕೆಂದರೆ, ಅಂಥ ಯಾವುದೂ ಇಲ್ಲದವರು ತಾವು ಕ್ಷೇಮವಾಗಿದ್ದೇವೆಂದು ನಂಬಿ ಪರೀಕ್ಷೆಯನ್ನೇ ಮಾಡಿಸದೆ ಉಳಿದುಬಿಡುತ್ತಾರೆ. ನಿಮ್ಮ ತಮ್ಮನ ಮಾತಿನಲ್ಲಿರುವುದೂ ಅದೇ ನಂಬಿಕೆ.

ನಾವು ಎಚ್ಚರಿಕೆಯ ಸೂಚನೆ ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಬಹಳ ಕಾಲ ಹೆಚ್ಚಾಗಿಯೇ ಉಳಿದ ಕೊಲೆಸ್ಟ್ರಾಲ್ ಚರ್ಮದಲ್ಲಿಯೋ ಕಣ್ಣಿನಲ್ಲಿಯೋ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನಲ್ಲಿಯೋ ಶೇಖರವಾಗಿ ಹೊರಗೆ ಕಾಣಿಸುವುದು ಒಂದು. ರಕ್ತನಾಳ ಕಿರಿದಾಗಿ ಅಂಗಕ್ಕೆ ರಕ್ತ ಸಾಲದೆ ನೋವು, ಏದುಸಿರು, ಬಲಹೀನತೆ ಉಂಟಾಗುವುದು ಇನ್ನೊಂದು. ಇದು ಕಾಣಿಸಿಕೊಳ್ಳುವ ಹೊತ್ತಿಗೆ ಹಾನಿ ಆಗಿಯೇ ಇರುತ್ತದೆ. ನಿಮ್ಮ ತಮ್ಮನ ಪುಣ್ಯಕ್ಕೆ ಮೊದಲನೆಯದು ಕಣ್ಣಿಗೆ ಬಿದ್ದಿದೆ.

ರೆಪ್ಪೆಯ ಹಳದಿ ಕಲೆಗೆ ಕ್ಸಾಂಥೆಲಾಸ್ಮಾ ಎಂದು ಹೆಸರು. ಇದು ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕೊಲೆಸ್ಟ್ರಾಲ್ ಸರಿಯಾಗಿಯೇ ಇರುತ್ತದೆ. ಹಾಗಾಗಿ ಇದೊಂದನ್ನೇ ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಜನರನ್ನು ದೀರ್ಘಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಕಲೆ ಇರುವವರಿಗೆ ಹೃದಯಾಘಾತದ ಸಂಭವ ಉಳಿದವರಿಗಿಂತ ಹೆಚ್ಚೆಂದು ಕಂಡುಬಂದಿದೆ. ಹೀಗಿರುವಾಗ ಸೌಂದರ್ಯದ ದೃಷ್ಟಿಯಿಂದ ಕಲೆಯನ್ನು ಸುಡಿಸಿ ತೆಗೆಸಿಕೊಂಡು, ರಕ್ತಪರೀಕ್ಷೆಯನ್ನು ಮಾತ್ರ ಮಾಡಿಸದೆ ಹೋಗುವವರನ್ನು ಕಂಡರೆ ಸಂಕಟವಾಗುತ್ತದೆ. ಕಣ್ಣಿನ ಕಪ್ಪುಭಾಗದ ಸುತ್ತ ಮೂಡುವ ಬೂದುಬಿಳಿ ಬಳೆಯ ವಿಚಾರವೂ ಇಂಥದೇ. ವಯಸ್ಸಾದವರಲ್ಲಿ ಅದು ಸಾಮಾನ್ಯ. 45ರೊಳಗಿನವರಲ್ಲಿ ಕಂಡರೆ ಮಾತ್ರ ಅದಕ್ಕೆ ಹೆಚ್ಚಿನ ಅರ್ಥವಿದೆ. ತಮ್ಮನ ಕಣ್ಣನ್ನು ಬೆಳಕಿನಲ್ಲಿ ಒಮ್ಮೆ ನೋಡಿ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಆ ಸೀಳಿದ ಗಮ್‌ಬೂಟು. ನೀವು ದಪ್ಪ ನರ ಎಂದದ್ದು ಹಿಮ್ಮಡಿಯಿಂದ ಮೀನಖಂಡದ ಕಡೆಗೆ ಏರುವ ಸ್ನಾಯುರಜ್ಜು. ಅದನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಮೇಲಿನಿಂದ ಕೆಳಗೆ ಸವರಿದರೆ ಅದು ಬಿಗಿದ ಹಗ್ಗದಂತೆ ನಯವಾಗಿ, ತೆಳುವಾಗಿ ಸಿಗಬೇಕು. ಎರಡೂ ಕಾಲುಗಳಲ್ಲಿ ದಪ್ಪವಾಗಿ, ಗಂಟುಗಂಟಾಗಿ ಸಿಕ್ಕರೆ ಅಲ್ಲಿ ಕೊಲೆಸ್ಟ್ರಾಲ್ ತುಂಬಿಕೊಂಡಿರುವ ಸಾಧ್ಯತೆ ಬಹಳ. ಮುಷ್ಟಿ ಬಿಗಿದಾಗ ಬೆರಳಿನ ಗೆಣ್ಣುಗಳ ಮೇಲೆಯೂ ಇಂಥ ಗಂಟುಗಳು ಕಾಣಬಹುದು. ಇವು ಹೆಚ್ಚುಕಡಿಮೆ ಒಂದೇ ಒಂದು ಕಾಯಿಲೆಯಲ್ಲಿ ಬರುವಂಥವು: ಆನುವಂಶಿಕವಾಗಿ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚಿರುವ ಸ್ಥಿತಿ. ವೈದ್ಯರು ಇದನ್ನು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟೆರೊಲೇಮಿಯಾ ಎನ್ನುತ್ತಾರೆ. ಸುಮಾರು 250ರಿಂದ 300 ಮಂದಿಗೆ ಒಬ್ಬರಲ್ಲಿ ಇದು ಇರುತ್ತದೆ. ಎಂದರೆ ಒಂದು ದೊಡ್ಡ ಹಳ್ಳಿಯಲ್ಲಿಯೇ ಹತ್ತಾರು ಮಂದಿಗೆ ಇರಬಹುದಾದ ಕಾಯಿಲೆ ಇದು.

ಇದರಲ್ಲಿ ಆಗುವುದೇನೆಂದರೆ, ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುವ ಗ್ರಾಹಕಗಳು ನಮ್ಮ ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ತಂದೆಯಿಂದಾಗಲೀ ತಾಯಿಯಿಂದಾಗಲೀ ದೋಷವಿರುವ ಒಂದು ವಂಶವಾಹಿ ಬಂದರೆ ಆ ಗ್ರಾಹಕಗಳಲ್ಲಿ ಅರ್ಧದಷ್ಟು ಕೆಲಸ ಮಾಡುವುದಿಲ್ಲ, ಎಲ್‌ಡಿಎಲ್ ರಕ್ತದಲ್ಲಿಯೇ ಸುತ್ತುತ್ತ ಉಳಿಯುತ್ತದೆ. ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಇಂಥ ರೋಗಿಗಳನ್ನು ಅಭ್ಯಾಸ ಮಾಡುತ್ತಲೇ ಈ ಗ್ರಾಹಕಗಳನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ತುಪ್ಪ ತಿಂದದ್ದರಿಂದ ಬಂದ ತೊಂದರೆ ಇದಲ್ಲವಾದ್ದರಿಂದ ತುಪ್ಪ ಬಿಟ್ಟ ಮಾತ್ರಕ್ಕೆ ಹೋಗುವುದೂ ಇಲ್ಲ. ಪಥ್ಯದಿಂದ ನೂರಕ್ಕೆ ಹತ್ತು ಹದಿನೈದು ಇಳಿಯಬಹುದು; 246 ಆಗ 215ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ತಮ್ಮ ಸಣಕಲಾಗಿರುವುದೂ ಸಸ್ಯಾಹಾರಿಯಾಗಿರುವುದೂ ಇಲ್ಲಿ ಅವನ ನೆರವಿಗೆ ಬರುವುದಿಲ್ಲ.

ಚಿಕಿತ್ಸೆಯಿಲ್ಲದೆ ಬಿಟ್ಟರೆ ಈ ಸ್ಥಿತಿಯಿರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 50 ವರ್ಷದೊಳಗೆ, ಹೆಂಗಸರಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿಗೆ 60ರೊಳಗೆ ಹೃದಯದ ರಕ್ತನಾಳಗಳ ತೊಂದರೆ ಎದುರಾಗುತ್ತದೆ. ನಿಮ್ಮ ತಂದೆಯವರ 43, ಅತ್ತೆಯವರ 51 ಈ ಲೆಕ್ಕಕ್ಕೆ ಹೊಂದುತ್ತವೆ. ಇಸಿಜಿ ಸರಿಯಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ರಕ್ತನಾಳದ ಗೋಡೆಯೊಳಗೆ ಕೊಬ್ಬು ಕೂಡುತ್ತಿರುವುದನ್ನು ಇಸಿಜಿ ತೋರಿಸಲಾರದು. ಅಷ್ಟೇನೂ ಕಿರಿದಾಗದ ಜಾಗದಲ್ಲಿಯೂ ಆ ಕೊಬ್ಬಿನ ಮೇಲಿನ ತೆಳುಪೊರೆ ಒಡೆದು ರಕ್ತ ಹೆಪ್ಪುಗಟ್ಟಿದರೆ ನಾಳ ನಿಮಿಷಗಳಲ್ಲಿ ಮುಚ್ಚಿಹೋಗಬಹುದು. ನಿನ್ನೆಯವರೆಗೆ ಗುಡ್ಡ ಹತ್ತುತ್ತಿದ್ದವರು ಇಂದು ಕುಸಿಯುವುದು ಹೀಗೆ.

ಆದ್ದರಿಂದ ಆರು ತಿಂಗಳು ಕಾಯಬೇಡಿ. ಥೈರಾಯ್ಡ್ ಕೊರತೆ ಮತ್ತು ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ಕಾಯಿಲೆ ಇವೆರಡರಲ್ಲೂ ಕೊಲೆಸ್ಟ್ರಾಲ್ ಏರುವುದರಿಂದ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಮತ್ತು ಮೂತ್ರಪರೀಕ್ಷೆ ಮಾಡಿಸಿ, ಅವು ಸರಿಯಿದ್ದರೆ ಹೃದ್ರೋಗ ತಜ್ಞರನ್ನು ಕಾಣಿ. ರಕ್ತದಲ್ಲಿರುವ, ಎಲ್‌ಡಿಎಲ್‌ನಂಥದೇ ಇನ್ನೊಂದು ಕಣವಾದ ಲಿಪೊಪ್ರೋಟೀನ್ (ಎ)ಯ ಪರೀಕ್ಷೆಯನ್ನೂ ಜೀವಮಾನದಲ್ಲಿ ಒಮ್ಮೆ ಮಾಡಿಸುವುದು ಒಳ್ಳೆಯದೆಂದು ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಅದೂ ವಂಶಪಾರಂಪರ್ಯವಾಗಿಯೇ ಬರುವಂಥದು, ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಅಪಾಯವನ್ನು ಹೆಚ್ಚಿಸುವಂಥದು.

ಎದೆಯ ನಡುವೆ ಹಿಂಡಿದಂತೆ, ಭಾರವಿಟ್ಟಂತೆ ನೋವು, ಅದು ದವಡೆಗೆ, ಎಡತೋಳಿಗೆ, ಮೇಲುಹೊಟ್ಟೆಗೆ ಹರಡುವುದು, ತಣ್ಣನೆಯ ಬೆವರು, ನಡೆದಾಗ ಬಂದು ನಿಂತಾಗ ಹೋಗುವ ಎದೆಬಿಗಿತ. ಇವುಗಳಲ್ಲಿ ಯಾವುದೇ ಕಂಡರೂ ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಸುತ್ತ ಕೂರದೆ 108ಕ್ಕೆ ಕರೆ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು ತಜ್ಞರಿಗೆ ಕಳುಹಿಸುವ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಸೂಚನೆ. ಅದು ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ಒಂದು ಮುಖ್ಯ ವಿಷಯ. ಅತ್ತೆಯವರಿಗೂ ಇದೇ ದೋಷವಿದ್ದಿರಬಹುದು. ಹಾಗಿದ್ದಲ್ಲಿ ತಮ್ಮನ ಹೆಂಡತಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಮಗುವಿನ ರಕ್ತಪರೀಕ್ಷೆಯನ್ನು ದಯವಿಟ್ಟು ಮುಂದೂಡಬೇಡಿ.

ಗದಗಿನ ನಿವೃತ್ತ ಶಿಕ್ಷಕ

ತಾಯಿ, ವೈದ್ಯರು ಹೃದಯದ ವಿಚಾರವನ್ನು ಚೆನ್ನಾಗಿ ವಿವರಿಸಿದ್ದಾರೆ. ಕಾಲಿನ ರಕ್ತನಾಳಗಳ ಬಗ್ಗೆ ನನ್ನ ಅನುಭವವನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಈ ನೋವನ್ನು ವಾಯು, ಮಂಡಿ, ಸೊಂಟ ಎಂದು ಬೇರೆ ಬೇರೆ ಹೆಸರಿನಿಂದ ಕರೆದು ವರ್ಷಗಟ್ಟಲೆ ಕಳೆಯುವವರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ.

ನನಗೆ ನಡೆಯುವಾಗ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅದು ಎಲ್ಲೆಂದರಲ್ಲಿ ಬರುತ್ತಿರಲಿಲ್ಲ. ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಗಿರಣಿಯ ಮುಂದೆ ಬರುತ್ತಿದ್ದಂತೆ ಶುರುವಾಗುತ್ತಿತ್ತು, ದಿನವೂ ಅಲ್ಲಿಯೇ. ನಾಲ್ಕು ನಿಮಿಷ ನಿಂತರೆ ಪೂರ್ತಿ ಹೋಗುತ್ತಿತ್ತು, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತಿತ್ತು. ಕುಳಿತಾಗ, ಮಲಗಿದಾಗ ಏನೂ ಇಲ್ಲ. ಒಂದು ಚಿಕಿತ್ಸಾಲಯದಲ್ಲಿ ಸೊಂಟದ ನರ ಒತ್ತಿದೆ ಎಂದು ಹೇಳಿ ಬೆಲ್ಟ್ ಕೊಟ್ಟು ಕಳುಹಿಸಿದರು. ಅದನ್ನು ಕಟ್ಟಿಕೊಂಡು ನಡೆದಾಗಲೂ ಗಿರಣಿಯ ಮುಂದೆಯೇ ನಿಲ್ಲಬೇಕಾಗುತ್ತಿತ್ತು. ಆ ಕಾಲಿನ ಬೆರಳುಗಳ ಮೇಲಿನ ಕೂದಲು ಉದುರಿ ಚರ್ಮ ಹೊಳಪಾಗಿತ್ತು, ಪಾದ ಇನ್ನೊಂದಕ್ಕಿಂತ ತಣ್ಣಗಿರುತ್ತಿತ್ತು. ಸ್ನಾನ ಮಾಡಿಸುವಾಗ ಮೊಮ್ಮಕ್ಕಳ ಕಾಲು ಹೇಗಿದೆ ಎಂದು ನೋಡುವ ನಾವು ನಮ್ಮ ಕಾಲನ್ನು ನೋಡಿಕೊಳ್ಳುವುದಿಲ್ಲ.

ಕೊನೆಗೆ ಬೇರೊಬ್ಬ ವೈದ್ಯರು ರಕ್ತದೊತ್ತಡದ ಪಟ್ಟಿಯನ್ನು ತೋಳಿಗೊಮ್ಮೆ, ಕಣಕಾಲಿಗೊಮ್ಮೆ ಕಟ್ಟಿ ಅಳೆದರು. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಎಂದರ್ಥ; ನನ್ನದು ಅದಕ್ಕಿಂತ ಬಹಳ ಕೆಳಗಿತ್ತು. ಎಲ್‌ಡಿಎಲ್ ಪರೀಕ್ಷಿಸಿದಾಗ 190ರ ಹತ್ತಿರ ಬಂತು. ಕಾಲಿನ ನಾಳ ಹೀಗಾಗಿದ್ದವರ ಹೃದಯ ಮತ್ತು ಮೆದುಳಿನ ನಾಳಗಳಲ್ಲಿಯೂ ಕೊಬ್ಬು ಕಟ್ಟಿರುವ ಸಂಭವ ಹೆಚ್ಚೆಂದು ಆ ವೈದ್ಯರು ತಿಳಿಸಿ ಅವನ್ನೂ ಪರೀಕ್ಷಿಸಿದರು. ಈಗ ಮಾತ್ರೆ ನಡೆದಿದೆ. ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ವ್ಯಾಯಾಮವನ್ನು ಹೇಳಿಕೊಟ್ಟಿದ್ದಾರೆ, ಅದರಿಂದ ದೂರ ಹೆಚ್ಚಾಗಿದೆ. ಹಿರಿಯರು ಯಾರಾದರೂ ಓದುತ್ತಿದ್ದರೆ, ನಡೆದಾಗ ಬಂದು ನಿಂತಾಗ ಹೋಗುವ ನೋವು ಎದೆಯಲ್ಲಿದ್ದರೂ ಕಾಲಿನಲ್ಲಿದ್ದರೂ ಅದನ್ನು ವೈದ್ಯರಿಗೆ ಇದೇ ಮಾತುಗಳಲ್ಲಿ ಹೇಳಿ.

ಹಾಸನದ ಓದುಗ

ವೈದ್ಯರ ಮೇಲೆ ಗೌರವವಿಟ್ಟುಕೊಂಡೇ ಕೆಲವು ಸಂದೇಹಗಳನ್ನು ಕೇಳುತ್ತಿದ್ದೇನೆ. 2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ವರದಿಯಾದಾಗ ಜನ ಭಯಬಿದ್ದು ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ನಮ್ಮ ಮನೆಯವರೂ ಹೋಗಿ ಇಸಿಜಿ ಮಾಡಿಸಿಕೊಂಡು, ಸರಿಯಿದೆಯೆಂದು ನೆಮ್ಮದಿಯಿಂದ ಬಂದರು. ಅದು ಸಾಲದೆಂದು ಈಗ ನೀವು ಹೇಳುತ್ತಿದ್ದೀರಿ. ಹಾಗಾದರೆ ಯಾವ ವಯಸ್ಸಿನಿಂದ ಯಾವ ಪರೀಕ್ಷೆ ಮಾಡಿಸಬೇಕು?

ಎರಡನೆಯದಾಗಿ, ಕೊಲೆಸ್ಟ್ರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆಗಳಿಂದ ಮಾಂಸಖಂಡ ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಒಮ್ಮೆ ಶುರುಮಾಡಿದರೆ ಬಿಡಲಾಗುವುದಿಲ್ಲ ಎಂದು ಕೇಳಿದ್ದೇನೆ. ನನ್ನ ತಂದೆ ಈ ಮಾತ್ರೆ ತೆಗೆದುಕೊಂಡು ಮೈಕೈ ನೋವೆಂದು ನಿಲ್ಲಿಸಿದ್ದಾರೆ. ನಮ್ಮ ಹಿಂದಿನವರು ತುಪ್ಪ, ಕೊಬ್ಬರಿ ತಿಂದೇ ಎಂಬತ್ತು ದಾಟಿ ಬದುಕಿದ್ದನ್ನು ನೋಡಿದ್ದೇವೆ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ದಾವಣಗೆರೆಯ ವೈದ್ಯ

ನಿಮ್ಮ ಸಂದೇಹಗಳು ನ್ಯಾಯವಾದವು. ಮೊದಲನೆಯದಕ್ಕೆ ಉತ್ತರ: ನಾನು ಮೇಲೆ ಹೇಳಿದ ಅದೇ ಮಾರ್ಗಸೂಚಿಯ ಪ್ರಕಾರ 18ನೇ ವಯಸ್ಸಿನಲ್ಲಿ ಒಮ್ಮೆ ಲಿಪಿಡ್ ಪರೀಕ್ಷೆ, ಎಂದರೆ ರಕ್ತದ ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್ ಪರೀಕ್ಷೆ, ಆಗಬೇಕು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತವಾಗಲೀ ಆನುವಂಶಿಕ ಕೊಲೆಸ್ಟ್ರಾಲ್ ಆಗಲೀ ಇದ್ದರೆ ಅದಕ್ಕಿಂತ ಮೊದಲೇ ಆಗಬೇಕು. ಬೇರೆ ಅಪಾಯಗಳಿಲ್ಲದವರಿಗೆ ಎಲ್‌ಡಿಎಲ್ 100ರ ಕೆಳಗೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದಂಥ ಹೆಚ್ಚಿನ ಅಪಾಯವಿರುವವರಿಗೆ 70ರ ಕೆಳಗೆ, ಈಗಾಗಲೇ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿರುವವರಿಗೆ 55ರ ಕೆಳಗೆ ಇರಬೇಕೆಂದು ಅದು ಹೇಳುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗಿರುವ 'ಸಾಮಾನ್ಯ ಮಟ್ಟ' ಎಲ್ಲರಿಗೂ ಒಂದೇ ಆಗಿರುವುದರಿಂದ, ಬೈಪಾಸ್ ಆದವರು ಕೂಡ ತಮ್ಮ 120ನ್ನು ನೋಡಿ ಪರವಾಗಿಲ್ಲ ಎಂದುಕೊಂಡುಬಿಡುತ್ತಾರೆ. ನಮ್ಮ ದೇಶದವರಿಗೆ ಮೊದಲ ಹೃದಯಾಘಾತ ಉಳಿದ ಹಲವು ದೇಶಗಳವರಿಗಿಂತ ಬೇಗ ಬರುತ್ತದೆಂಬುದು 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಿಂದ ತಿಳಿದುಬಂದಿದೆ. ದಕ್ಷಿಣ ಏಷ್ಯಾದವರಲ್ಲಿ ಅದು ಸರಾಸರಿ 53ರ ವಯಸ್ಸಿಗೆ ಬರುತ್ತಿತ್ತು.

ಸ್ಟ್ಯಾಟಿನ್ ವಿಚಾರ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1970ರ ದಶಕದಲ್ಲಿ ಒಂದು ಬಗೆಯ ಬೂಷ್ಟಿನಿಂದ ಇಂಥ ಮೊದಲ ವಸ್ತುವನ್ನು ಬೇರ್ಪಡಿಸಿದರು. ಔಷಧವಾಗಿ ಮಾರಾಟಕ್ಕೆ ಬಂದದ್ದು 1987ರಲ್ಲಿ. ಸ್ಕ್ಯಾಂಡಿನೇವಿಯಾ ದೇಶಗಳ 4444 ಹೃದ್ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸಾವಿನ ಸಂಭವ ನೂರಕ್ಕೆ ಮೂವತ್ತರಷ್ಟು ಕಡಿಮೆಯಾಯಿತು. ಅಂದಿನಿಂದ ಇಷ್ಟು ವಿಸ್ತಾರವಾಗಿ ಪರೀಕ್ಷೆಗೊಳಗಾದ ಔಷಧಗಳು ಕಡಿಮೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಅದು ಸ್ವಲ್ಪ ಬೇಗ ಕಾಣಿಸಬಹುದೆಂಬುದು ನಿಜ. ಹೃದಯಕ್ಕೆ ಆಗುವ ಲಾಭ ಅದಕ್ಕಿಂತ ದೊಡ್ಡದು. ಮೈಕೈ ನೋವೂ ಕೆಲವರಿಗೆ ಬರುತ್ತದೆ. ಆದರೆ ನೋವೆಂದು ಮಾತ್ರೆ ಬಿಟ್ಟಿದ್ದವರಿಗೇ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವಿಲ್ಲದ ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದಂತೆ ಮಾಡಿ ನೋಡಿದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ಖಾಲಿ ಮಾತ್ರೆಯಲ್ಲಿಯೂ ನೂರಕ್ಕೆ ತೊಂಬತ್ತರಷ್ಟು ತೊಂದರೆ ಹಾಗೆಯೇ ಕಂಡಿತು. ಇದರರ್ಥ ನಿಮ್ಮ ತಂದೆಯವರ ನೋವು ಸುಳ್ಳೆಂದಲ್ಲ. ಮಾಂಸಖಂಡಕ್ಕೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆ ಮಾಡಿ, ಥೈರಾಯ್ಡ್ ಮತ್ತು ವಿಟಮಿನ್ ಡಿ ನೋಡಿ, ಪ್ರಮಾಣ ತಗ್ಗಿಸಿ ಅಥವಾ ಬೇರೆ ಸ್ಟ್ಯಾಟಿನ್ ಕೊಟ್ಟು, ಜೊತೆಗೆ ಎಜೆಟಿಮೈಬ್ ಎಂಬ ಬೇರೆ ಬಗೆಯ ಮಾತ್ರೆ ಸೇರಿಸಿ ಮತ್ತೆ ಪ್ರಯತ್ನಿಸಲು ಅವಕಾಶವಿದೆ. ತಾವೇ ನಿಲ್ಲಿಸಿ ಸುಮ್ಮನಿರಬಾರದು. ಮಾತ್ರೆ ಚಟವಾಗುವುದಿಲ್ಲ, ಬಿಟ್ಟರೆ ಕೊಲೆಸ್ಟ್ರಾಲ್ ಮೊದಲಿನ ಮಟ್ಟಕ್ಕೆ ಮರಳುತ್ತದೆ, ಅಷ್ಟೇ. ಅಟೊರ್ವಾಸ್ಟ್ಯಾಟಿನ್ ಜನೌಷಧಿ ಕೇಂದ್ರಗಳಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ಹಿಂದಿನವರ ತುಪ್ಪದ ಬಗ್ಗೆ: ಎಂಬತ್ತು ದಾಟಿದವರು ನಮ್ಮ ನೆನಪಿನಲ್ಲಿ ಉಳಿಯುತ್ತಾರೆ, ನಲವತ್ತಕ್ಕೆ 'ಎದೆ ಒಡೆದು' ಹೋದವರ ಕಾರಣವನ್ನು ಯಾರೂ ಬರೆದಿಡಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಭಾಗ, ತುಪ್ಪದಲ್ಲಿ ಅರವತ್ತು ಭಾಗಕ್ಕೂ ಹೆಚ್ಚು, ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು, ಎಲ್‌ಡಿಎಲ್ ಏರಿಸುವ ಪರ್ಯಾಪ್ತ ಕೊಬ್ಬಿದೆ. ಕಡಲೆಕಾಯಿ ಎಣ್ಣೆಯಲ್ಲಿ ಇಪ್ಪತ್ತು ಭಾಗದೊಳಗೆ. ಅನ್ನದ ಮೇಲೆ ಒಂದು ಚಮಚ ತುಪ್ಪ ಬಿದ್ದರೆ ಅನಾಹುತವೇನೂ ಆಗದು. ಬೇಕರಿಯ ಪಫ್, ವನಸ್ಪತಿಯ ಸಿಹಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದ ಬೋಂಡಾ ಇವನ್ನು ಬಿಟ್ಟು ಕಾಳು, ಸೊಪ್ಪು, ಹುರುಳಿ ಹೆಚ್ಚಿಸಿಕೊಂಡರೆ ಪ್ರಯೋಜನವುಂಟು.

ಒಂದು ಸಣ್ಣ ಎಚ್ಚರಿಕೆ. ದೇವನಹಳ್ಳಿಯ ಚಕೋತ ಹಣ್ಣನ್ನು ಇಷ್ಟಪಡುವವರು ನಮ್ಮಲ್ಲಿ ಅನೇಕರು. ಅಟೊರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ತೆಗೆದುಕೊಳ್ಳುವವರು ಅದನ್ನು ಹೇರಳವಾಗಿ ತಿಂದರೆ ಮಾತ್ರೆಯ ಅಂಶ ರಕ್ತದಲ್ಲಿ ಏರಬಹುದಾದ್ದರಿಂದ ವೈದ್ಯರಿಗೆ ತಿಳಿಸಿರಬೇಕು.

ಹುಬ್ಬಳ್ಳಿಯ ಒಬ್ಬ ತಾಯಿ

ಅಕ್ಕಾವರೇ, ನಿಮ್ಮ ತಮ್ಮ ಸೋದರತ್ತೆಯ ಮಗಳನ್ನು ಮದುವೆಯಾಗಿದ್ದಾರೆಂದು ಓದಿದ ಕೂಡಲೇ ಬರೆಯಬೇಕೆನಿಸಿತು. ನಾನು ಮದುವೆಯಾಗಿರುವುದು ನನ್ನ ಸೋದರಮಾವನನ್ನು. ನಮ್ಮ ಮಗನಿಗೆ 4 ವರ್ಷವಿದ್ದಾಗ ಮೊಣಕೈ, ಮೊಣಕಾಲು, ಪೃಷ್ಠದ ಮೇಲೆ ಹಳದಿ ಮಿಶ್ರಿತ ಕಿತ್ತಳೆ ಬಣ್ಣದ ಗಂಟುಗಳು ಎದ್ದವು. ಎಲ್ಲರೂ ನರುಲಿ ಎಂದರು. ಒಂದು ಚರ್ಮದ ಚಿಕಿತ್ಸಾಲಯದಲ್ಲಿ ಅವನ್ನು ಸುಟ್ಟು ತೆಗೆದರು. ಗಾಯ ಮಾಯ್ದ ಜಾಗದಲ್ಲಿಯೇ ಮತ್ತೆ ಬಂದವು. ಮಗು ನೋವಿನಿಂದ ಅತ್ತದ್ದು ಬಿಟ್ಟರೆ ಬೇರೇನೂ ಆಗಲಿಲ್ಲ, ಒಬ್ಬರೂ ರಕ್ತ ಪರೀಕ್ಷಿಸಲಿಲ್ಲ.

ಮುಂದೆ ಜ್ವರಕ್ಕೆಂದು ತೋರಿಸಿದ ಮಕ್ಕಳ ವೈದ್ಯರೊಬ್ಬರು ಅವನ ಅಂಗೈ ಬಿಡಿಸಿ ಬೆರಳುಗಳ ಸಂದುಗಳನ್ನು ನೋಡಿದರು. ಅಲ್ಲಿಯೂ ಹಳದಿ ಪೊರೆಯಂಥ ದಡ್ಡು ಇತ್ತು, ನಾನದನ್ನು ಕೊಳೆ ಎಂದುಕೊಂಡು ತಿಕ್ಕಿ ತೊಳೆಯುತ್ತಿದ್ದೆ. ಅಂದೇ ರಕ್ತ ತೆಗೆಸಿದರು. ಎಲ್‌ಡಿಎಲ್ 500 ದಾಟಿತ್ತು. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದಾಗ ಹೀಗಾಗುತ್ತದೆ, ಇಂಥ ಮಕ್ಕಳಿಗೆ ಹತ್ತು ಇಪ್ಪತ್ತರ ವಯಸ್ಸಿನಲ್ಲಿಯೇ ಹೃದಯಾಘಾತ ಆಗಬಹುದು, ಹೃದಯದ ಮಹಾಪಧಮನಿಯ ಕವಾಟವೂ ಕಿರಿದಾಗಬಹುದು ಎಂದು ಅವರು ಬಿಡಿಸಿ ಹೇಳಿದಾಗ ನಮ್ಮಿಬ್ಬರ ಕಾಲ ಕೆಳಗಿನ ನೆಲ ಕುಸಿದಂತಾಯಿತು. ನಮ್ಮಿಬ್ಬರಿಗೂ ಎಲ್‌ಡಿಎಲ್ 200ರ ಮೇಲಿತ್ತು, ಇಬ್ಬರಿಗೂ ಗೊತ್ತಿರಲಿಲ್ಲ.

ಈಗ ಮಗನಿಗೆ ಎರಡು ಬಗೆಯ ಮಾತ್ರೆ ನಡೆಯುತ್ತಿದೆ, ಪ್ರತಿ ವರ್ಷ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತೇವೆ. ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಎಲ್‌ಡಿಎಲ್ ಬೇರ್ಪಡಿಸುವ ಚಿಕಿತ್ಸೆಯೂ ಇದೆ, ಹೊಸ ಚುಚ್ಚುಮದ್ದುಗಳೂ ಇವೆ; ಖರ್ಚು ನಮ್ಮಂಥವರ ಕೈಗೆ ಎಟುಕುವಂಥದಲ್ಲ. ಇಂಥ ಮಕ್ಕಳ ಚಿಕಿತ್ಸೆಯನ್ನು ಸರ್ಕಾರ ವಹಿಸಿಕೊಳ್ಳಬೇಕೆಂಬುದು ನನ್ನ ಮನಸ್ಸಿನ ಮಾತು. ಮಗುವಿನ ಮೊಣಕೈ, ಮೊಣಕಾಲು, ಬೆರಳ ಸಂದುಗಳನ್ನು ಇಂದೇ ನೋಡಿ. ಏನೂ ಕಾಣದಿದ್ದರೂ ರಕ್ತ ಪರೀಕ್ಷಿಸಿ.

ತೀರ್ಥಹಳ್ಳಿಯ ಅಕ್ಕ

ಎಲ್ಲರಿಗೂ ಕೃತಜ್ಞತೆಗಳು. ಹುಬ್ಬಳ್ಳಿಯ ತಂಗಿಯ ಮಾತು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ತಮ್ಮನಿಗೂ ಅದನ್ನೇ ಓದಿ ಹೇಳಿದೆ. ಅವನು ಮರುಮಾತಾಡದೆ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೊರಟ.

ಮಗುವಿನ ಮೈಮೇಲೆ ಗಂಟುಗಳಿಲ್ಲ. ಅವಳ ಎಲ್‌ಡಿಎಲ್ 178, ತಮ್ಮನ ಹೆಂಡತಿಯದು 121. ತಮ್ಮನ ಥೈರಾಯ್ಡ್, ಮೂತ್ರ ಸರಿಯಾಗಿವೆ. ಹೃದ್ರೋಗ ತಜ್ಞರು ಅವನ ಹಿಮ್ಮಡಿಯನ್ನು ಮುಟ್ಟಿ ನೋಡಿ, ಆನುವಂಶಿಕವೇ ಹೌದೆಂದು ಹೇಳಿ ರೊಸುವಾಸ್ಟ್ಯಾಟಿನ್ 20 ಮಿಲಿಗ್ರಾಂ ಶುರುಮಾಡಿದ್ದಾರೆ. ಮಗುವಿನ ಬಗ್ಗೆ ಮಕ್ಕಳ ಹೃದ್ರೋಗ ತಜ್ಞರನ್ನು ಕಾಣಲು ಬರೆದುಕೊಟ್ಟಿದ್ದಾರೆ. ಇಷ್ಟು ಚಿಕ್ಕ ಮಗುವಿಗೂ ಮಾತ್ರೆ ಬೇಕಾಗುವುದೇ? ತಮ್ಮನ 246 ಒಂದೇ ಮಾತ್ರೆಯಿಂದ ಇಳಿಯುವುದೇ?

ದಾವಣಗೆರೆಯ ವೈದ್ಯ

ತಾಯಿಯ ಮಟ್ಟ 121 ಇರುವುದರಿಂದ, ಮಗಳ 178 ತಂದೆಯಿಂದ ಮಾತ್ರ ಬಂದಿರಬೇಕು. ಹುಬ್ಬಳ್ಳಿಯ ಮಗುವಿನಂತೆ ಎರಡೂ ಕಡೆಯಿಂದ ಬಂದಂತಿಲ್ಲ. ತಂದೆಗೆ ಈ ಕಾಯಿಲೆಯಿದ್ದು ಮಗುವಿನ ಎಲ್‌ಡಿಎಲ್ 160 ದಾಟಿದ್ದರೆ ಮಗುವಿಗೂ ಇದೆಯೆಂದೇ ಪರಿಗಣಿಸುತ್ತೇವೆ. ಸಾಮಾನ್ಯವಾಗಿ 8ರಿಂದ 10 ವರ್ಷದ ನಡುವೆ ಕಡಿಮೆ ಪ್ರಮಾಣದ ಸ್ಟ್ಯಾಟಿನ್ ಆರಂಭಿಸುವುದುಂಟು. ಬಾಲ್ಯದಲ್ಲಿಯೇ ಶುರುಮಾಡಿದ ಮಕ್ಕಳನ್ನು ಇಪ್ಪತ್ತು ವರ್ಷ ಗಮನಿಸಿದ ನೆದರ್‌ಲೆಂಡ್ಸ್‌ನ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಅದೇ ಕಾಯಿಲೆಯಿದ್ದ ತಮ್ಮ ತಂದೆ ತಾಯಿಯರಿಗಿಂತ ಅವರ ಹೃದಯ ಬಹಳ ಕ್ಷೇಮವಾಗಿತ್ತು. ಯಾವಾಗ, ಎಷ್ಟು ಎಂಬುದನ್ನು ಮಕ್ಕಳ ತಜ್ಞರು ನಿರ್ಧರಿಸಲಿ. ಬೆಳೆಯುವ ಮಗುವಿಗೆ ಹಾಲು, ಕಾಳು, ಎಣ್ಣೆ ಎಲ್ಲವನ್ನೂ ನಿಲ್ಲಿಸುವ ಕಠಿಣ ಪಥ್ಯವನ್ನು ಮನೆಯಲ್ಲಿ ನೀವೇ ಮಾಡಬೇಡಿ.

ತಮ್ಮನಿಗೆ ಕೊಟ್ಟಿರುವ ಪ್ರಮಾಣದಿಂದ ಎಲ್‌ಡಿಎಲ್ ಅರ್ಧದಷ್ಟು ಇಳಿಯಬಹುದು. ಎಂದರೆ 120ರ ಸುತ್ತ. ಗುರಿ 70ರ ಕೆಳಗೆ. ಸ್ಟ್ಯಾಟಿನ್ ಪ್ರಮಾಣವನ್ನು ಎರಡು ಪಟ್ಟು ಮಾಡಿದರೂ ಹೆಚ್ಚುವರಿಯಾಗಿ ಇಳಿಯುವುದು ನೂರಕ್ಕೆ ಆರರಷ್ಟು ಮಾತ್ರ. ಆದ್ದರಿಂದ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವ ಎಜೆಟಿಮೈಬನ್ನು ಸೇರಿಸುವ ಸಂಭವವಿದೆ, ಅದು ಸುಮಾರು ನೂರಕ್ಕೆ ಇಪ್ಪತ್ತು ತಗ್ಗಿಸುತ್ತದೆ. ಆರರಿಂದ ಎಂಟು ವಾರದಲ್ಲಿ ಮರುಪರೀಕ್ಷೆ ಮಾಡಿಸಿ. ವರದಿ ಚೆನ್ನಾಗಿ ಬಂದಾಗ ಗುಣವಾಯಿತೆಂದು ಮಾತ್ರೆ ಬಿಡುವವರು ಬಹಳ. ಆ ಹೊತ್ತಿನಲ್ಲಿ ನೀವು ಅವನ ಜೊತೆಗಿರಬೇಕು.

ಇನ್ನು, ತಮ್ಮನ, ನಾದಿನಿಯ, ಮಗುವಿನ ಲೆಕ್ಕವನ್ನೆಲ್ಲ ಬರೆದ ನೀವು ನಿಮ್ಮ ಲೆಕ್ಕವನ್ನು ಬರೆದಿಲ್ಲ. ಅದೇ ತಂದೆಯ ಮಗಳಾದ ನಿಮಗೂ ಈ ದೋಷ ಬಂದಿರುವ ಸಾಧ್ಯತೆ ತಮ್ಮನಿಗಿದ್ದಷ್ಟೇ ಇತ್ತು. ಹೆಂಗಸರಲ್ಲಿ ತೊಂದರೆ ಸುಮಾರು ಹತ್ತು ವರ್ಷ ತಡವಾಗಿ ಕಾಣಿಸುತ್ತದೆ. ಬಂದಾಗ ಎದೆನೋವಿಗಿಂತ ಏದುಸಿರು, ವಾಕರಿಕೆ, ವಿಪರೀತ ಆಯಾಸ, ಬೆನ್ನು ಅಥವಾ ದವಡೆಯ ನೋವಾಗಿ ಕಾಣಿಸುವುದೂ ಉಂಟು, ಹಾಗಾಗಿ ಮನೆಗೆಲಸದ ದಣಿವೆಂದು ಅದು ಕಡೆಗಣನೆಗೆ ಗುರಿಯಾಗುತ್ತದೆ. ಲಿಪಿಡ್ ಪರೀಕ್ಷೆಗೆ ಈಗ ಉಪವಾಸವಿರಬೇಕೆಂದೇನೂ ಇಲ್ಲ. ತಿಂಡಿ ತಿಂದು ಹೋಗಿಯೂ ರಕ್ತ ಕೊಡಬಹುದು, ಟ್ರೈಗ್ಲಿಸರೈಡ್ 400 ದಾಟಿ ಬಂದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ನಿಮಗೆ ಮಕ್ಕಳಿದ್ದು ನಿಮ್ಮ ಎಲ್‌ಡಿಎಲ್ ಹೆಚ್ಚು ಬಂದರೆ ಅವರದನ್ನೂ ನೋಡಿಸಿ. ಗರ್ಭಿಣಿಯಾಗುವ ಯೋಚನೆಯಿದ್ದರೆ ಸ್ಟ್ಯಾಟಿನ್ ಆರಂಭಿಸುವ ಮೊದಲೇ ವೈದ್ಯರಿಗೆ ಹೇಳಿ, ಏಕೆಂದರೆ ಆ ಅವಧಿಯಲ್ಲಿ ಅದನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಸೋದರತ್ತೆಯವರ ಉಳಿದ ಮಕ್ಕಳಿಗೂ ವಿಷಯ ತಿಳಿಸಿ, ಮತ್ತು ನಿಮ್ಮ ವರದಿ ಬಂದ ಮೇಲೆ ಇಲ್ಲಿ ಬರೆಯಿರಿ.